ಹೂಮಳೆಯ ದಿನ ಗೊತ್ತಿರುವುದಿಲ್ಲ: ಸಂಶೋಧನಾ ವಿದ್ಯಾರ್ಥಿಗಳು ಯೋಜನೆಯನ್ನು ಬದಲಿಸಿಕೊಳ್ಳುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಪಿಎಚ್‌.ಡಿ. ಕ್ಷೇತ್ರಕಾರ್ಯಕ್ಕೆ ಇಳಿಯುವವರು, ಅದರಲ್ಲೂ ಹೊರದೇಶದ ಪ್ರಯೋಗಾಲಯದ ಜೊತೆ ಸೇರಿ ಕೆಲಸ ಮಾಡುವವರು, ಮೊದಲ ದಿನವೇ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು: ತಾವು ಉತ್ತರ ಹುಡುಕುತ್ತಿರುವ ಪ್ರಶ್ನೆ ಯಾವುದು, ಅದಕ್ಕೆ ಸದ್ಯ ಆರಿಸಿಕೊಂಡಿರುವ ದಾರಿ ಯಾವುದು. ಪ್ರಶ್ನೆಯನ್ನು ಸುಲಭಕ್ಕೆ ಬಿಟ್ಟುಕೊಡಬಾರದು. ದಾರಿಯನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇವೆರಡನ್ನು ಒಂದೇ ಎಂದುಕೊಂಡವರು ಒಂದು ಹಂಗಾಮು ಕೈತಪ್ಪಿದೊಡನೆ ವಿಷಯವನ್ನೇ ಬದಲಿಸಲು ಹೊರಡುವುದನ್ನು ನಾನು ನೋಡಿದ್ದೇನೆ.

ನಾನು ಅಧ್ಯಯನ ಮಾಡಿದ್ದು ರೋಬಸ್ಟಾ ಕಾಫಿಯ ಪರಾಗಸ್ಪರ್ಶದಲ್ಲಿ ಹೆಜ್ಜೇನಿನ ಪಾತ್ರವನ್ನು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು; ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂಮಳೆ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆ, ಬಿದ್ದು ಸುಮಾರು ಎಂಟು ದಿನಕ್ಕೆ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗುತ್ತದೆ, ಎರಡು ಮೂರು ದಿನಗಳಲ್ಲಿ ಹೂ ಕಂದಿಹೋಗುತ್ತದೆ. ವರ್ಷವಿಡೀ ಕಾದ ಮಾಹಿತಿ ಅಷ್ಟರೊಳಗೆ ಸಿಗಬೇಕು. ಎರಡನೆಯ ವರ್ಷ, ನಾನು ಜೊತೆಗೂಡಿದ್ದ ಪ್ರಯೋಗಾಲಯವಿದ್ದ ಜರ್ಮನಿಯ ವೀಸಾ ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಉಳಿದಿದ್ದಾಗ ಸಿದ್ದಾಪುರದ ಕಡೆ ಮಳೆಯಾದ ಸುದ್ದಿ ನನಗೆ ತಡವಾಗಿ ತಿಳಿಯಿತು. ಮರಳಿ ಬಂದು ನೋಡಿದರೆ ಗೊಂಚಲು ಗೊಂಚಲಾಗಿ ಕಂದು ಹೂಗಳು. ಒಂದು ಜೇನುನೊಣವೂ ಇರಲಿಲ್ಲ. ಆ ಸಂಜೆ ನಾನು ಅತ್ತಿದ್ದೆ.

ದಾರಿ ತೋರಿಸಿದವರು ತೋಟದ ಲೆಕ್ಕಪತ್ರ ಬರೆಯುವ ರೈಟರ್. ಪಕ್ಕದ ತೋಟದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ, ಆ ತೋಟದ ಒಂದು ಭಾಗಕ್ಕೆ ನೀರು ಹಾಯಿಸುವುದು ಇನ್ನೂ ಬಾಕಿಯಿದೆ ಎಂದರು. ನೀರು ಹಾಯಿಸುವ ದಿನ ಗೊತ್ತಿದ್ದರೆ ಹೂ ಅರಳುವ ದಿನವನ್ನೂ ಹೆಚ್ಚುಕಡಿಮೆ ಲೆಕ್ಕ ಹಾಕಬಹುದು. ಆದ್ದರಿಂದ ಮಳೆಯಾಶ್ರಿತ ತೋಟಗಳ ಜೊತೆಗೆ ನೀರು ಹಾಯಿಸುವ ಒಂದೆರಡು ತೋಟಗಳ ಒಪ್ಪಿಗೆಯನ್ನೂ ಮೊದಲೇ ಪಡೆದಿಡಿ. ಹೂಮಳೆ ಎಲ್ಲ ಕಡೆ ಒಂದೇ ದಿನ ಬೀಳುವುದಿಲ್ಲವಾದ್ದರಿಂದ ದೂರದ ಹೋಬಳಿಯದೂ ಒಂದಿರಲಿ. ಆದರೆ ಎರಡು ಬಗೆಯ ತೋಟಗಳ ಅಂಕಿಗಳನ್ನು ಗುರುತು ಹಾಕದೆ ಬೆರೆಸಬೇಡಿ. ಏನನ್ನು, ಯಾವ ದಿನ, ಯಾಕೆ ಬದಲಿಸಿದಿರಿ ಎಂಬುದನ್ನು ಅಂದೇ ಬರೆದು ಮಾರ್ಗದರ್ಶಕರಿಗೂ ಹೊರದೇಶದ ಸಹಸಂಶೋಧಕರಿಗೂ ಕಳುಹಿಸಿ.

ಅಳತೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು–ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದ ಪುಸ್ತಕದಲ್ಲಿ 1.20 ಎಂದಿದ್ದರೆ ಅದು ಸುಮಾರು 30.5 ಮಿಲಿಮೀಟರ್ ಮಳೆ. ಘಟಕ ಬರೆಯದೆ ಆ ಹಾಳೆಯನ್ನು ಕಳುಹಿಸಿದ್ದರಿಂದ, ಜರ್ಮನಿಯ ಪ್ರಯೋಗಾಲಯದವರು ಅದನ್ನು ಮಿಲಿಮೀಟರ್ ಎಂದುಕೊಂಡು, ಇಷ್ಟು ಹನಿಗೆ ಹೂ ಹೇಗೆ ಅರಳಿತು ಎಂದು ನನ್ನನ್ನು ಕೇಳಿದ್ದರು. ಮೂಲ ಅಂಕಿಯನ್ನು ಅಳಿಸದೆ, ಪಕ್ಕದ ಕಾಲಂನಲ್ಲಿ ಪರಿವರ್ತಿತ ಅಂಕಿಯನ್ನು ಕೊಡಿ.

ಪ್ರಯಾಣದ ಕಾಗದಪತ್ರಗಳನ್ನು ಹೂವಿನ ಕಾಲಕ್ಕೆ ತಗಲದಂತೆ ಮುಗಿಸಿಕೊಳ್ಳಿ. ಜರ್ಮನಿಯೂ ಸೇರಿದ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಸಾಮಾನ್ಯವಾಗಿ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಆದರೆ ಜೇನು, ಎಲೆ, ಪರಾಗದ ಮಾದರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೊರಡಲೇಬಾರದು. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ವಿದೇಶಿಯರು ಸಂಶೋಧನೆಗಾಗಿ ನಮ್ಮ ಜೈವಿಕ ಸಂಪನ್ಮೂಲವನ್ನು ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗುತ್ತದೆ. ನಿಮ್ಮ ಸಹಯೋಗಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಸಂಸ್ಥೆಯ ಮೂಲಕ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಅನುಮತಿ ತಡವಾದರೆ ಸೂಕ್ಷ್ಮದರ್ಶಕದಡಿ ಪರಾಗ ಎಣಿಸುವ ಕೆಲಸವನ್ನು ಇಲ್ಲಿಯೇ ಮುಗಿಸಿ, ಅಲ್ಲಿನ ತಿಂಗಳುಗಳನ್ನು ಅಂಕಿಅಂಶಗಳ ವಿಶ್ಲೇಷಣೆ ಕಲಿಯಲು ಮೀಸಲಿಡಬಹುದು. ನಾನು ಮಾಡಿದ್ದು ಅದನ್ನೇ, ಮತ್ತು ಪ್ರಬಂಧದ ಅತ್ಯುತ್ತಮ ಅಧ್ಯಾಯ ಅದರಿಂದಲೇ ಬಂತು.

ಗಡಿಯಾರವನ್ನೂ ನೆನಪಿಡಿ: ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ; ಬದಲಾವಣೆ ಆಗುವುದು ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ. ಕೊಡಗಿನ ಹಬ್ಬಗಳಾದ ಪುತ್ತರಿ, ಕೈಲ್ ಪೊಳ್ದ್, ಕಾವೇರಿ ಸಂಕ್ರಮಣದ ದಿನಗಳನ್ನು ಅವರ ಕ್ಯಾಲೆಂಡರಿನಲ್ಲೂ ಗುರುತು ಮಾಡಿಸಿ. ಕಾಡಾನೆ ಇಳಿದ ಬೆಳಿಗ್ಗೆ ತೋಟಕ್ಕೆ ಹೋಗಲಾಗದು ಎಂಬುದನ್ನು ಒಮ್ಮೆ ವಿವರಿಸಿ ಹೇಳಿದರೆ ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಅಲ್ಲಿ ಹೋದಾಗ ನೀವೂ ಸ್ವಲ್ಪ ಬದಲಾಗಬೇಕಾಗುತ್ತದೆ. ನಾನಿದ್ದ ಗುಂಪಿನಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮಾತಿಗೆ ಎಲ್ಲರೆದುರೇ ಆಕ್ಷೇಪ ಎತ್ತುತ್ತಿದ್ದರು, ಮತ್ತು ಗೌರವದಿಂದ ನಾನು ಸುಮ್ಮನಿದ್ದುದನ್ನು ಅವರು ಒಪ್ಪಿಗೆಯೆಂದೇ ತಿಳಿದಿದ್ದರು. ಸಭೆಯಲ್ಲಿ ತಕ್ಷಣ ಬಾಯಿ ಬಾರದಿದ್ದರೆ, ನಿಮ್ಮ ಭಿನ್ನಾಭಿಪ್ರಾಯವನ್ನು ಅದೇ ದಿನ ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿ.

ಊರಿಗೆ ಮರಳಿದ ಮೇಲೆ ಫಲಿತಾಂಶವನ್ನು ಒಂದೆರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದು, ಮಿಲಿಮೀಟರ್‌ಗಳನ್ನು ಮತ್ತೆ ಇಂಚು–ಸೆಂಟ್‌ಗಳಿಗೆ ತಿರುಗಿಸಿ, ಒಪ್ಪಿಗೆ ಕೊಟ್ಟ ಪ್ರತಿಯೊಂದು ತೋಟದವರಿಗೂ ರೈಟರ್‌ಗೂ ಕೈಯಾರೆ ತಲುಪಿಸಿ.