ಪುಣೆಯಲ್ಲಿ ಕನ್ನಡದ ಲಗ್ನಪತ್ರಿಕೆ ಮಾಡಿಸಿದ ಬಗೆ

ಲಗ್ನಪತ್ರಿಕೆ ಯಾವಾಗ ಸಿದ್ಧವಾಗಬೇಕೆಂದು ಎಲ್ಲರೂ ಮುದ್ರಣಾಲಯದವರನ್ನು ಕೇಳುತ್ತಾರೆ. ಮಗಳ ಮದುವೆಗೆ ನಾನು ಮೊದಲು ನೋಡಿದ್ದು ರೈಲಿನ ಟಿಕೆಟ್ ಎಂದಿನಿಂದ ಸಿಗುತ್ತದೆ ಎಂಬುದನ್ನು. ನಾವಿರುವುದು ಪುಣೆಯಲ್ಲಿ, ಬಳಗದ ಮುಕ್ಕಾಲು ಪಾಲು ಇರುವುದು ಧಾರವಾಡ, ಹುಬ್ಬಳ್ಳಿ, ಕಲಬುರಗಿಗಳಲ್ಲಿ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದೆ. ಹುಬ್ಬಳ್ಳಿಯ ಕಡೆಯ ಗಾಡಿಗಳಾಗಲಿ ಕಲಬುರಗಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಆಗಲಿ, ಮದುವೆಯ ದಿನಗಳಲ್ಲಿ ಬೇಗ ತುಂಬುತ್ತವೆ. ಆದ್ದರಿಂದ ಆ ಅರುವತ್ತನೆಯ ದಿನಕ್ಕೆ ಮುಂಚೆಯೇ ದಿನಾಂಕ, ಮದುವೆ ನಡೆಯುವ ಮಂಗಲ ಕಾರ್ಯಾಲಯದ ಹೆಸರು, ಇಳಿಯಬೇಕಾದ ನಿಲ್ದಾಣ ಇಷ್ಟನ್ನೇ ಬರೆದ ಚಿಕ್ಕ ಸಂದೇಶವನ್ನು ಎಲ್ಲರ ಮೊಬೈಲಿಗೆ ಕಳುಹಿಸಿದೆ. ಅಚ್ಚಾದ ಪತ್ರಿಕೆ ಗೌರವದ ಕರೆ, ಅದು ಆಮೇಲೆ ಬಂದರೆ ಯಾರಿಗೂ ತೊಂದರೆಯಿಲ್ಲ.

ಮದುವೆ 2025ರ ಮಾರ್ಗಶಿರ ಶುದ್ಧದಲ್ಲಿ, ಅಂದರೆ ನವೆಂಬರ್ ಕೊನೆಗೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಪುಣೆಯ ಕ್ಯಾಲೆಂಡರ್ ತನ್ನದೇ ಅಡ್ಡಿಗಳನ್ನು ಒಡ್ಡುತ್ತದೆ. ಲಗ್ನಪತ್ರಿಕೆಯ ಅಂಗಡಿಗಳು ಹೆಚ್ಚಾಗಿರುವುದು ಅಪ್ಪಾ ಬಳವಂತ ಚೌಕ, ಶನಿವಾರ ಪೇಠೆಯ ಸುತ್ತ. ಗಣೇಶೋತ್ಸವದಲ್ಲಿ ಆ ಪೇಠೆಗಳೊಳಗೆ ವಾಹನ ಹೋಗುವುದೇ ಕಷ್ಟ. ಮುಂದೆ ಮರಾಠಿ ದೀಪಾವಳಿ ಸಂಚಿಕೆಗಳ ಕೆಲಸ ಯಂತ್ರಗಳನ್ನು ಹಿಡಿದಿಡುತ್ತದೆ. ತುಳಸಿ ಲಗ್ನ ಮುಗಿಯಿತೆಂದರೆ ಮಹಾರಾಷ್ಟ್ರದ ಮದುವೆಗಳೆಲ್ಲ ಒಟ್ಟಿಗೆ ಆರಂಭವಾಗುತ್ತವೆ. ನಡುವೆ ಉಳಿಯುವ ಬಿಡುವು ಪಿತೃಪಕ್ಷ. ಆಗ ಶುಭಕಾರ್ಯದ ಪತ್ರಿಕೆ ಮುದ್ರಿಸಬಾರದೆಂಬ ನಂಬಿಕೆ ನಮ್ಮ ಮನೆಯಲ್ಲೂ ಇದೆ, ಅದನ್ನು ಮೀರಲಿಲ್ಲ. ಆದರೆ ಕಾಗದ ಆರಿಸುವುದಕ್ಕೂ ಕರಡು ತಿದ್ದುವುದಕ್ಕೂ ಯಾರ ಆಕ್ಷೇಪವೂ ಇರಲಿಲ್ಲ. ಗಿರಾಕಿಗಳಿಲ್ಲದ ಆ ಪಕ್ಷದಲ್ಲಿ ಅಂಗಡಿಯವರು ಸಮಾಧಾನದಿಂದ ಕುಳಿತು ಮಾದರಿ ತೋರಿಸಿದರು. ನವರಾತ್ರಿಯ ಘಟಸ್ಥಾಪನೆಯಾದ ಮೇಲೆ ಮುದ್ರಣ ಶುರುವಾಯಿತು, ದೀಪಾವಳಿಗೆ ಊರಿಗೆ ಹೋಗುವಾಗ ಕಟ್ಟುಗಳು ನಮ್ಮ ಚೀಲದಲ್ಲಿದ್ದವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅಕ್ಷರದ ಕೆಲಸ. ಪುಣೆಯಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕೆಲಸಗಾರರಿಗೆ ಮರಾಠಿ ಕರತಲಾಮಲಕ, ಕನ್ನಡ ಓದಲು ಬಾರದು. ನಾನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟ ಪಠ್ಯದಲ್ಲಿ ‘ಲಕ್ಷ್ಮೀ’ ಇದ್ದದ್ದು ಅವರ ಪರದೆಯ ಮೇಲೆ ‘ಲಕ್‌ಷ್‌ಮೀ’ ಎಂದು ಒಡೆದು ನಿಂತಿತ್ತು. ಅವರ ಕಣ್ಣಿಗೆ ಎರಡೂ ಒಂದೇ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಹೀಗೆ ಕಳಚಿ ಬೀಳುತ್ತವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕೊಟ್ಟರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹಾಗಾಗಿ ಕನ್ನಡದ ಪುಟವನ್ನು ಮನೆಯಲ್ಲೇ ಲಿಬ್ರೆಆಫೀಸ್‌ನಲ್ಲಿ ಕಟ್ಟಿ, ಫಾಂಟ್ ಅಡಕವಾದ ಪಿಡಿಎಫ್ ಮಾಡಿ, ಅಕ್ಷರಗಳನ್ನು ರೇಖಾಚಿತ್ರಗಳಾಗಿ ಪರಿವರ್ತಿಸಿ ಕೊಟ್ಟೆ. ಅದನ್ನು ಅವರು ಚಿತ್ರದಂತೆ ಇರಿಸಿದರೆ ಸಾಕು, ಯಾವ ಅಕ್ಷರವೂ ಮಿಸುಕುವುದಿಲ್ಲ. ಹೆಸರುಗಳಿಗೆ ಮುಂಬೈಯ ಏಕ್ ಟೈಪ್ ಸಂಸ್ಥೆ ರೂಪಿಸಿದ ‘ಬಾಲೂ ತಮ್ಮ’ ಫಾಂಟ್, ಒಳಪಠ್ಯಕ್ಕೆ ‘ನೋಟೋ ಸೆರಿಫ್ ಕನ್ನಡ’ ಫಾಂಟ್ ಬಳಸಿದೆ. ಎರಡೂ ಉಚಿತ.

ಕನ್ನಡಕ್ಕೆ ಸಾಲುಗಳ ನಡುವೆ ಮರಾಠಿಗಿಂತ ಹೆಚ್ಚು ಜಾಗ ಬೇಕು. ‘ಸ್ತ್ರೀ’ಯಂತಹ ಅಕ್ಷರದ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಚಿನ್ನದ ಬಣ್ಣದ ತೆಳು ಹಾಳೆಯನ್ನು ಒತ್ತಿ ಅಚ್ಚು ಮಾಡುವ ಫಾಯಿಲ್ ಮುದ್ರಣದಲ್ಲಿ ಸಣ್ಣ ಒತ್ತಿನ ಹೊಟ್ಟೆ ತುಂಬಿಕೊಂಡು ಚುಕ್ಕೆಯಾಗುತ್ತದೆ. ವಧೂವರರ ಹೆಸರಿಗೆ ಮಾತ್ರ ಚಿನ್ನ, ಉಳಿದದ್ದಕ್ಕೆಲ್ಲ ಗಾಢ ಕೆಂಪು ಶಾಯಿ ಎಂದು ನಾನು ಪಟ್ಟು ಹಿಡಿದೆ. ಪರದೆಯ ಮೇಲೆ ತೋರಿಸಿದ್ದನ್ನು ಒಪ್ಪದೆ ಅದೇ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಹಿರಿಯ ಅತ್ತೆಯವರಿಂದ ಗಟ್ಟಿಯಾಗಿ ಓದಿಸಿದೆ.

ಪಠ್ಯ ಎರಡು ಭಾಷೆಗಳಲ್ಲಿತ್ತು, ಏಕೆಂದರೆ ಬೀಗರು ಮರಾಠಿಯವರು. ಒಂದನ್ನು ಇನ್ನೊಂದಕ್ಕೆ ಅನುವಾದಿಸುವ ಗೋಜಿಗೆ ಹೋಗಲಿಲ್ಲ. ಅವರ ಒಕ್ಕಣೆ ಅವರದು, ನಮ್ಮದು ನಮ್ಮದು. ಪಂಚಾಂಗದಲ್ಲಿ ತಕರಾರಿಲ್ಲ: ಇಬ್ಬರದೂ ಅಮಾವಾಸ್ಯೆಗೆ ಮುಗಿಯುವ ಮಾಸ, ಇಬ್ಬರದೂ ಶಾಲಿವಾಹನ ಶಕೆ 1947, ವಿಶ್ವಾವಸು ಸಂವತ್ಸರ. ತಕರಾರು ಹುಟ್ಟುವುದು ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ. ಯಾರ ಹೆಸರು ಯಾರಿಗಿಂತ ಮೇಲೆ ಎಂಬುದನ್ನು ಮನೆಯಲ್ಲೇ ಇತ್ಯರ್ಥಪಡಿಸಿ, ಹಿರಿಯರ ಒಪ್ಪಿಗೆ ಪಡೆದ ಮೇಲೆಯೇ ಪುಟ ಕಟ್ಟಲು ಕುಳಿತೆ.

ಸಂಖ್ಯೆಯನ್ನು ತಲೆ ಲೆಕ್ಕದಲ್ಲಿ ಹಿಡಿಯಬಾರದು, ಮನೆ ಲೆಕ್ಕದಲ್ಲಿ ಹಿಡಿಯಬೇಕು. ಆಫ್‌ಸೆಟ್ ಮುದ್ರಣದಲ್ಲಿ ಖರ್ಚು ಬರುವುದು ಅಚ್ಚಿನ ಪ್ಲೇಟಿಗೆ, ಆದ್ದರಿಂದ ಆರಂಭದಲ್ಲೇ ಐವತ್ತು ಪ್ರತಿ ಹೆಚ್ಚು ತೆಗೆಸುವುದು ಅಗ್ಗ, ಆಮೇಲೆ ಮತ್ತೆ ತೆಗೆಸುವುದು ದುಬಾರಿ.

ಅಂಚೆಯ ತೂಕದ ಕಡೆ ಗಮನ ಕೊಡುವವರು ಕಡಿಮೆ. ಸಾದಾ ಪತ್ರಕ್ಕೆ 20 ಗ್ರಾಂ ವರೆಗೆ 5 ರೂಪಾಯಿ. ಐದು ಇಂಚು ಅಗಲ, ಏಳು ಇಂಚು ಉದ್ದದ ಮಡಿಕೆ ಪತ್ರಿಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದಲ್ಲಿ ಹದಿಮೂರೂವರೆ ಗ್ರಾಂ ತೂಗುತ್ತದೆ. ಲಕೋಟೆ ಸೇರಿದರೆ 20ರ ಅಂಚು, ಒಳಗೊಂದು ಚೀಟಿ ಇಟ್ಟರೆ ದಾಟಿತು. ಅಂಚೆಚೀಟಿ ಸಾಲದಿದ್ದರೆ ಕೊರತೆಯ ಎರಡರಷ್ಟು ಹಣವನ್ನು ಪಡೆಯುವವರಿಂದ ವಸೂಲು ಮಾಡುತ್ತಾರೆ. ಕರೆಯಲು ಹೋಗಿ ನೆಂಟರ ಕೈಯಲ್ಲಿ ದಂಡ ತೆರಿಸುವುದು ಮರ್ಯಾದೆಯಲ್ಲ. ಕಾಗದವನ್ನು 250 ಜಿಎಸ್‌ಎಂಗೆ ಇಳಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ಲಕೋಟೆ ಸಹಿತ ತೂಗಿ ನೋಡಿದೆ. ನಾಲ್ಕು ಮೂಲೆಗೆ ಹಚ್ಚುವ ಅರಿಸಿನವನ್ನು ಪೂರ್ತಿ ಒಣಗಿಸಿದ ಮೇಲೆಯೇ ಲಕೋಟೆಗೆ ಹಾಕಿದೆವು, ಹಸಿಯಿದ್ದರೆ ಎದುರು ಪುಟಕ್ಕೆ ಕಲೆ ಹತ್ತುತ್ತದೆ.

ಮೊದಲ ಪತ್ರಿಕೆಯನ್ನು ಪುಣೆಯ ರೂಢಿಯಂತೆ ಗ್ರಾಮದೈವವಾದ ಕಸಬಾ ಗಣಪತಿಗೆ ಇಟ್ಟೆವು, ಎರಡನೆಯದು ಸವದತ್ತಿಯ ಎಲ್ಲಮ್ಮನಿಗೆ. ಹಿರಿಯರಿಗೆಲ್ಲ ಮನೆಗೇ ಹೋಗಿ ಕುಂಕುಮವಿಟ್ಟು ಕೊಟ್ಟೆವು, ದೂರದವರಿಗಷ್ಟೇ ಅಂಚೆ. ಕೆಲವು ಪ್ರತಿಗಳನ್ನು ಹೆಸರು ಬರೆಯದೆ ಕಪಾಟಿನಲ್ಲಿ ಎತ್ತಿಟ್ಟೆ. ಮಹಾರಾಷ್ಟ್ರದಲ್ಲಿ ವಿವಾಹ ನೋಂದಣಿಯ ಅರ್ಜಿಯೊಂದಿಗೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಅದರಲ್ಲಿ ವಧೂವರರ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ ಎಂದು ಮರಾಠಿ ಪುಟದಲ್ಲಿ ಮನೆಯ ಮುದ್ದಿನ ಹೆಸರುಗಳನ್ನು ಬಿಟ್ಟು ಪೂರ್ಣ ಹೆಸರನ್ನೇ ಹಾಕಿಸಿದ್ದೆ.