ಭತ್ತದ ಹುಲ್ಲನ್ನು ಯೂರಿಯಾದಲ್ಲಿ ಹದ ಮಾಡುವುದು ಹೇಗೆ?

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ನೀರು ಇರುವವರಿಗೆ ಭತ್ತದ ಹುಲ್ಲಿಗೇನೂ ಬರ ಇಲ್ಲ. ಆದರೆ ಹಸು ಅದನ್ನು ಎಷ್ಟು ತಿಂದರೂ ಹೊಟ್ಟೆ ತುಂಬುತ್ತದೆ ಅಷ್ಟೇ, ಹಾಲು ಏರುವುದಿಲ್ಲ. ಅದರಲ್ಲಿ ಪ್ರೋಟೀನ್ ಇರುವುದೇ ನೂರಕ್ಕೆ 3-4 ಭಾಗ. ಯೂರಿಯಾದಲ್ಲಿ ಹದ ಮಾಡಿದರೆ 7-8ರ ಹತ್ತಿರ ಹೋಗುತ್ತದೆ. 1980ರ ದಶಕದಲ್ಲೇ ಭಾರತ, ಶ್ರೀಲಂಕಾದಲ್ಲಿ ಇದರ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ.

ಲೆಕ್ಕ ಇಷ್ಟೇ: 100 ಕೆಜಿ ಒಣಹುಲ್ಲು, 4 ಕೆಜಿ ಯೂರಿಯಾ, 50 ಲೀಟರ್ ನೀರು. ಕಣ್ಣಂದಾಜು ಬೇಡ, ತೂಗಿಯೇ ಹಾಕಿ. ಮೆಷಿನ್ ಕಟ್ಟಿದ ಹುಲ್ಲಾದರೆ ಎರಡು ಮೂರು ಕಟ್ಟು ತೂಗಿದರೆ ಸಾಕು, ಉಳಿದದ್ದು ಎಣಿಸಿಕೊಳ್ಳಬಹುದು. ಆದರೆ ಕಟ್ಟು ಬಿಚ್ಚಿ ಉದುರಿಸಲೇಬೇಕು.

ನೆಲದ ಮೇಲೆ ಟಾರ್ಪಾಲ್ ಹಾಸಿ, ಗೇಣು ದಪ್ಪ ಹುಲ್ಲು ಹರಡಿ, ಯೂರಿಯಾ ಕರಗಿಸಿದ ನೀರನ್ನು ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ ಚಿಮುಕಿಸಿ, ಚೆನ್ನಾಗಿ ತುಳಿದು, ಅದರ ಮೇಲೆ ಇನ್ನೊಂದು ಪದರ ಹಾಕುತ್ತಾ ಹೋಗಿ. ಯೂರಿಯಾ ನೀರಿನ ಬಕೆಟ್ ಮೇಲೆ ಮಾತ್ರ ಒಂದು ಕಣ್ಣಿರಲಿ. ಬಾಯಾರಿದ ಹಸು ಆ ನೀರು ಕುಡಿದರೆ ಅರ್ಧ ಗಂಟೆಯಲ್ಲೇ ನಡುಕ, ಜೊಲ್ಲು, ಹೊಟ್ಟೆ ಉಬ್ಬರ ಶುರುವಾಗಿ ಸತ್ತೇ ಹೋಗಬಹುದು. ಕೆಲಸ ಮುಗಿದ ಕೂಡಲೇ ಬಕೆಟ್ ತೊಳೆದಿಡಿ.

ಈಗ ರಾಶಿಯ ಮೇಲೆ ಟಾರ್ಪಾಲ್ ಮುಚ್ಚುವ ಕೆಲಸ. ಇಲ್ಲಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಯೂರಿಯಾ ಒಳಗೆ ಒಡೆದು ಅಮೋನಿಯಾ ಆಗುತ್ತದೆ, ಹುಲ್ಲಿನ ಗಟ್ಟಿ ನಾರನ್ನು ಸಡಿಲ ಮಾಡುವುದು ಆ ಗಾಳಿಯೇ. ಅದು ಸೋರಿ ಹೋದರೆ ಉಳಿಯುವುದು ಬರೀ ಒದ್ದೆ ಹುಲ್ಲು. ನಾನು ಮೊದಲ ಸಲ ಮಾಡಿದಾಗ ಇಲಿ ಕಡಿದ ತೂತು ಗಮನಿಸಲೇ ಇಲ್ಲ. ಬಿಚ್ಚಿ ನೋಡಿದರೆ ತೂತಿನ ಸುತ್ತ ಮೊರದಗಲ ಬೂಷ್ಟು, ಮುಟ್ಟಿದರೆ ಬೂದಿಯಂತೆ ಹೊಗೆ ಏಳುತ್ತಿತ್ತು, ಅಷ್ಟೂ ತಿಪ್ಪೆಗೆ ಹೋಯಿತು. ಈಗ ಟಾರ್ಪಾಲನ್ನು ಬಿಸಿಲಿಗೆ ಹಿಡಿದು ತೂತು ನೋಡಿಯೇ ಹೊದಿಸುತ್ತೇನೆ. ಅಂಚಿಗೆಲ್ಲ ಒದ್ದೆ ಮಣ್ಣು ಮೆತ್ತಿ.

21 ದಿನ ಮುಟ್ಟಬೇಡಿ. ಚಳಿ ದೇಶಗಳಲ್ಲಿ ಇದಕ್ಕೆ ಇನ್ನೂ ಜಾಸ್ತಿ ದಿನ ಬೇಕು, ನಮ್ಮ ಬಿಸಿಲು ಇಲ್ಲಿ ನಮಗೇ ಲಾಭ.

ಬಿಚ್ಚಿದಾಗ ಹುಲ್ಲು ಕಂದು ಹಳದಿ ಬಣ್ಣಕ್ಕೆ ತಿರುಗಿ ಮೆತ್ತಗಿರಬೇಕು, ಅಮೋನಿಯಾ ವಾಸನೆ ಮೂಗಿಗೆ ರಪ್ಪನೆ ಹೊಡೆಯಬೇಕು. ವಾಸನೆ ಇಲ್ಲ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ನಾಳೆಗೆ ಬೇಕಾದಷ್ಟನ್ನು ಇವತ್ತು ಸಂಜೆ ತೆಗೆದು ಗಾಳಿಗೆ ಹರಡಿ, ಉಳಿದದ್ದನ್ನು ಮತ್ತೆ ಮುಚ್ಚಿ. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ ಕೊಡಿ, ಕೆಲವು ಹಸು ಮೂತಿ ತಿರುಗಿಸುತ್ತವೆ, ಎರಡು ಹಿಡಿ ತೌಡು ಉದುರಿಸಿದರೆ ಸರಿಹೋಗುತ್ತವೆ. ಖನಿಜ ಮಿಶ್ರಣ ತಪ್ಪಿಸಬೇಡಿ. ಆರು ತಿಂಗಳೊಳಗಿನ ಕರುವಿಗೆ ಮಾತ್ರ ಬೇಡವೇ ಬೇಡ.

ಹುಣಸೂರು, ಎಚ್.ಡಿ. ಕೋಟೆ ಕಡೆಯವರು ರಾಗಿ ಹುಲ್ಲಿಗೂ ಮಾಡಬಹುದಾ ಅಂತ ಕೇಳುತ್ತಾರೆ. ಮಾಡಬಹುದು, ಆದರೆ ಸುಮ್ನೆ ಯಾಕೆ? ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೊದಲೇ ಮೇಲು, ಆ ಯೂರಿಯಾ ಹೊಲಕ್ಕೇ ಇರಲಿ.