ಉಳ್ಳಾಗಡ್ಡಿ ಪೊರೆಯಲ್ಲಿ ಜೀವಕೋಶ ನೋಡುವುದು ಹೇಗೆ?

ಜೀವಕೋಶದ ಪಾಠ ಬಂತೆಂದರೆ ಪುಸ್ತಕದ ಚಿತ್ರ ನೋಡಿ ಬರೆದು, ಗೆರೆ ಎಳೆದು, ಭಾಗಗಳ ಹೆಸರು ಬಾಯಿಪಾಠ ಮಾಡುವುದೇ ರೂಢಿ. ಅದೇ ಮಗು ಸೂಕ್ಷ್ಮದರ್ಶಕದ ಮುಂದೆ ಕೂತಾಗ ಗಾಳಿಗುಳ್ಳೆಯನ್ನೇ ಜೀವಕೋಶ ಅಂದುಕೊಳ್ಳುತ್ತದೆ. ಮೊದಲು ಕಣ್ಣಾರೆ ನೋಡಬೇಕು, ಹೆಸರು ಆಮೇಲೆ. ಅದಕ್ಕೆ ಗದಗ, ಧಾರವಾಡದ ಹೊಲಗಳಲ್ಲಿ ಬೆಳೆಯುವ ಒಂದು ಕೆಂಪು ಉಳ್ಳಾಗಡ್ಡಿ ಸಾಕು.

ಬೇಕಾಗುವ ಸಾಮಾನು: ಶಾಲೆಯ ಸೂಕ್ಷ್ಮದರ್ಶಕ, ಎರಡು ಮೂರು ಗಾಜಿನ ಸ್ಲೈಡು, ಕವರ್ ಸ್ಲಿಪ್, ಚಿಮಟ, ಸೂಜಿ, ಡ್ರಾಪರ್, ಬ್ಲಾಟಿಂಗ್ ಪೇಪರ್. ಬಣ್ಣಕ್ಕೆ ಅಯೋಡಿನ್ ದ್ರಾವಣ. ಲ್ಯಾಬಿನಲ್ಲಿ ಇಲ್ಲದಿದ್ದರೆ ಔಷಧ ಅಂಗಡಿಯ ಬೆಟಾಡಿನ್ ದ್ರಾವಣ ಒಂದು ಹನಿಗೆ ನಾಲ್ಕು ಹನಿ ನೀರು ಬೆರೆಸಿದರೆ ನಡೆಯುತ್ತದೆ.

ಪೊರೆ ಬಿಡಿಸುವುದು

ಒಣ ಸಿಪ್ಪೆ ತೆಗೆದು ಉಳ್ಳಾಗಡ್ಡಿಯನ್ನು ನಾಲ್ಕು ಹೋಳು ಮಾಡಿ, ರಸಭರಿತವಾದ ಒಂದು ಪದರ ಬಿಡಿಸಿಕೊಳ್ಳಿ. ಅದರ ಒಳಮೈಗೆ, ಅಂದರೆ ತಗ್ಗಾದ ಬದಿಗೆ, ಬಣ್ಣವಿಲ್ಲದ ತೆಳು ಪೊರೆ ಅಂಟಿಕೊಂಡಿರುತ್ತದೆ. ಪದರವನ್ನು ಪಟ್ಟನೆ ಮುರಿದು ಎಳೆದರೆ ಅಂಚಿನಲ್ಲಿ ಪೊರೆ ಸಿಗುತ್ತದೆ. ಚಿಮಟದಿಂದ ಹಿಡಿದು ಬಿಡಿಸಿ ತಕ್ಷಣ ನೀರಿಗೆ ಹಾಕಿ. ಒಣಗಿದರೆ ಸುರುಳಿ ಸುತ್ತಿಕೊಂಡು ಕೋಶಗಳು ಒಂದರ ಮೇಲೊಂದು ಕಾಣುತ್ತವೆ. ಉಗುರಿನ ಅರ್ಧದಷ್ಟು ತುಂಡು ಸಾಕು. ಬೆಳ್ಳಗೆ ಮಂದವಾಗಿ ಕಂಡರೆ ತಿರುಳೂ ಬಂದಿದೆ ಎಂದರ್ಥ. ಅದನ್ನು ಬಿಟ್ಟು ಇನ್ನೊಂದು ತೆಗೆಯಿರಿ.

ಸ್ಲೈಡಿನ ನಡುವೆ ಒಂದು ಹನಿ ನೀರು, ಅದರಲ್ಲಿ ಪೊರೆ, ಮೇಲೆ ಒಂದು ಹನಿ ಅಯೋಡಿನ್. ಎರಡು ನಿಮಿಷ ಕಾದು, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಹಿಡಿದು ನಿಧಾನವಾಗಿ ಇಳಿಸಿ. ಮೇಲಿಂದ ಒಮ್ಮೆಲೇ ಬಿಟ್ಟರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚು, ಗುಂಡನೆಯ ಆಕಾರ. ಕವರ್ ಸ್ಲಿಪ್ ಮೆಲ್ಲಗೆ ಒತ್ತಿದರೆ ಜರುಗುತ್ತದೆ. ಉಳ್ಳಾಗಡ್ಡಿಯ ಕೋಶ ಗುಂಡಗಿರುವುದಿಲ್ಲ, ಗೋಡೆಗೆ ಕಟ್ಟಿದ ಇಟ್ಟಿಗೆಯಂತೆ ಉದ್ದುದ್ದ ಸಾಲಾಗಿರುತ್ತದೆ.

ನೋಡುವ ಕ್ರಮ

ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ. ನೇರ ಬಿಸಿಲಿಗೆ ಎಂದಿಗೂ ಬೇಡ, ಕಣ್ಣಿಗೆ ಅಪಾಯ. ಮೊದಲು 10ರ ಮಸೂರ. ಕಣ್ಣಿನ ಬದಿಯ ಮಸೂರವೂ 10 ಇದ್ದರೆ ವರ್ಧನೆ 10×10, ಅಂದರೆ 100 ಪಟ್ಟು. ಇಲ್ಲಿ ಚಿತ್ರ ಸ್ಪಷ್ಟವಾದ ಮೇಲೆಯೇ 40ರ ಮಸೂರಕ್ಕೆ ತಿರುಗಿಸಿ. ಆಮೇಲೆ ದೊಡ್ಡ ತಿರುಪನ್ನು ಮುಟ್ಟಬಾರದು, ಸಣ್ಣ ತಿರುಪು ಮಾತ್ರ. ಶಾಲೆಗಳಲ್ಲಿ ಕವರ್ ಸ್ಲಿಪ್ ಒಡೆಯುವುದು ಹೆಚ್ಚಾಗಿ ಈ ತಪ್ಪಿನಿಂದಲೇ. ಏನೂ ಕಾಣದೆ ಬರೀ ಬಿಳುಪಾಗಿದ್ದರೆ ಬೆಳಕು ಜಾಸ್ತಿಯಾಗಿದೆ. ಕೆಳಗಿನ ಡಯಾಫ್ರಮ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು ಮಾಡಿದರೆ ಗೆರೆಗಳು ಎದ್ದು ಬರುತ್ತವೆ.

ಕೋಶಗಳ ನಡುವಿನ ಗಟ್ಟಿ ಗೆರೆಯೇ ಸೆಲ್ಯುಲೋಸಿನ ಕೋಶಭಿತ್ತಿ. ಒಳಗೆ ಕಂದು ಹಳದಿ ಚುಕ್ಕೆಯಂತೆ ಕಾಣುವುದು ಕೋಶಕೇಂದ್ರ. 1831ರಲ್ಲಿ ರಾಬರ್ಟ್ ಬ್ರೌನ್ ಸಸ್ಯಕೋಶಗಳಲ್ಲಿ ಗುರುತಿಸಿ ಹೆಸರಿಟ್ಟದ್ದು ಇದಕ್ಕೇ. ಕೆಲವು ಕೋಶಗಳಲ್ಲಿ ಅದು ಅಂಚಿಗೆ ಒತ್ತಿಕೊಂಡಿದೆ, ಕೆಲವುಗಳಲ್ಲಿ ನಟ್ಟನಡುವೆ ಇದ್ದಂತಿದೆ. ಯಾಕೆ? ಕೋಶವೆಂದರೆ ಚಪ್ಪಟೆ ಚಿತ್ರವಲ್ಲ, ಕಡ್ಡಿಪೆಟ್ಟಿಗೆಯಂಥ ಡಬ್ಬಿ. ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ, ಆಕ್ರಮಿಸಿ ಕೋಶಕೇಂದ್ರವನ್ನು ಗೋಡೆಗೆ ತಳ್ಳಿದೆ. ಅದು ಪಕ್ಕದ ಗೋಡೆಗಿದ್ದರೆ ಅಂಚಿನಲ್ಲಿ ಕಾಣುತ್ತದೆ, ಮೇಲಿನ ಅಥವಾ ತಳದ ಗೋಡೆಗಿದ್ದರೆ ನಡುವೆ ಇದ್ದಂತೆ ಕಾಣುತ್ತದೆ. ಸಣ್ಣ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತ ಹೋಗಿ: ಒಂದರ ಕೋಶಕೇಂದ್ರ ಸ್ಪಷ್ಟವಾಗುವಾಗ ಇನ್ನೊಂದರದು ಮಸುಕಾಗುತ್ತದೆ. ಕೋಶಕ್ಕೆ ಆಳವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಕೋಶಪೊರೆ ಎಲ್ಲಿ?

ಕೋಶಪೊರೆ ಎಂದರೆ ಪ್ರತಿ ಕೋಶದ ಒಳಭಾಗವನ್ನು ಸುತ್ತಿರುವ ತೆಳು ಹೊದಿಕೆ. ಕೋಶಭಿತ್ತಿಗೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ. ಕಾಣಬೇಕಾದರೆ ಅದನ್ನು ಗೋಡೆಯಿಂದ ಬಿಡಿಸಬೇಕು. ಇದಕ್ಕೆ ಅಯೋಡಿನ್ ಹಾಕಿದ ಸ್ಲೈಡ್ ಬೇಡ. ಅಯೋಡಿನ್ ಕೋಶವನ್ನು ಕೊಲ್ಲುತ್ತದೆ, ಸತ್ತ ಕೋಶದ ಪೊರೆ ತಡೆಯುವ ಗುಣ ಕಳೆದುಕೊಂಡಿರುತ್ತದೆ. ಈ ಸಲ ಪದರದ ಹೊರಮೈಯಿಂದ, ಅಂದರೆ ಉಬ್ಬಿದ ಬದಿಯಿಂದ, ನೇರಳೆ ಬಣ್ಣವಿರುವ ಪೊರೆ ತೆಗೆಯಿರಿ. ಇದು ಒಳಪೊರೆಯಷ್ಟು ಸಲೀಸಾಗಿ ಬಾರದು, ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಎಬ್ಬಿಸಬೇಕು, ದೊಡ್ಡವರು ಜೊತೆಗಿರಲಿ. ನೀರಿನಲ್ಲಿಟ್ಟು ನೋಡಿದರೆ ಕೋಶ ತುಂಬ ನೇರಳೆ. ಆ ಬಣ್ಣ ಇರುವುದು ರಸದಾನಿಯಲ್ಲಿ.

100 ಮಿ.ಲೀ. ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಎರಡು ಹನಿ ಬಿಟ್ಟು, ಎದುರಿನ ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಉಪ್ಪುನೀರು ಒಳಗೆ ಹರಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ನೇರಳೆ ಭಾಗ ಮೂಲೆಗಳಿಂದ ಬಿಟ್ಟುಕೊಂಡು ಒಳಗೆ ಸರಿದು ಮುದ್ದೆಯಾಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಆ ಮುದ್ದೆಯ ಹೊರ ಅಂಚೇ ಕೋಶಪೊರೆ. ಅದು ನೀರನ್ನು ಹೊರಬಿಟ್ಟಿತು, ಬಣ್ಣವನ್ನು ಒಳಗೇ ಹಿಡಿದುಕೊಂಡಿತು. ಗೋಡೆ ಉಪ್ಪುನೀರನ್ನೂ ತಡೆಯಲಿಲ್ಲ. ಭಿತ್ತಿಯ ಕೆಲಸ ಆಕಾರ ಕೊಡುವುದು, ಪೊರೆಯ ಕೆಲಸ ಆಯ್ದು ಬಿಡುವುದು ಎಂದು ಪುಸ್ತಕ ಹೇಳುವುದು ಇದನ್ನೇ. ರೊಟ್ಟಿ ಜೊತೆಗೆ ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು ಹಚ್ಚಿಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುವುದೂ ಇದೇ ಕಾರಣಕ್ಕೆ. ಈಗ ಅದೇ ರೀತಿ ಸಾದಾ ನೀರು ಹರಿಸಿದರೆ ನೇರಳೆ ಮತ್ತೆ ಹಿಗ್ಗಿ ಗೋಡೆ ಸೇರುತ್ತದೆ. ತುಂಬಾ ಹೊತ್ತು ಉಪ್ಪಿನಲ್ಲೇ ಬಿಟ್ಟರೆ ಕೋಶ ಸತ್ತು ಬಣ್ಣ ಸೋರಿಹೋಗುತ್ತದೆ, ಹಿಂದಿರುಗುವುದಿಲ್ಲ.

ಬ್ಯಾಡಗಿಯ ಕೆಂಪು

ಉಳ್ಳಾಗಡ್ಡಿಯ ಪೊರೆಯಲ್ಲಿ ಹಸಿರು ಕಣಗಳಿಲ್ಲ, ಮಣ್ಣೊಳಗಿನ ಗಡ್ಡೆಗೆ ಬೆಳಕಿನ ಕೆಲಸವಿಲ್ಲ. ಕ್ಲೋರೋಪ್ಲಾಸ್ಟ್ ನೋಡಲು ಹೈಡ್ರಿಲ್ಲಾ ಎಂಬ ನೀರುಗಿಡದ ಒಂದು ಎಲೆ ಸಾಕು. ಇನ್ನೂ ಚೆಂದದ್ದು ಹಾವೇರಿ ಕಡೆಯ ಬ್ಯಾಡಗಿ ಮೆಣಸಿನಕಾಯಿ. ಗಿಡದಲ್ಲೇ ಕೆಂಪಾದ ಹಸಿ ಕಾಯಿ ಬೇಕು, ಒಣಗಿದ್ದು ಬೇಡ. ಒಳಗಿನ ತಿರುಳನ್ನು ಸ್ವಲ್ಪವೇ ಕೆರೆದು, ಬಣ್ಣ ಹಾಕದೆ, ನೀರಿನಲ್ಲಿ ನೋಡಿ. ಕೋಶದೊಳಗೆ ಕೆಂಪು ಕಿತ್ತಳೆಯ ಸಣ್ಣ ಕಣಗಳು ಕಾಣುತ್ತವೆ. ಅವು ಕ್ರೋಮೋಪ್ಲಾಸ್ಟ್‌ಗಳು. ಕಾಯಿ ಹಸಿರಿದ್ದಾಗ ಅವೇ ಕ್ಲೋರೋಪ್ಲಾಸ್ಟ್ ಆಗಿದ್ದವು. ಉಳ್ಳಾಗಡ್ಡಿಯ ನೇರಳೆ ರಸದಾನಿಯ ನೀರಿನಲ್ಲಿ ಕರಗಿತ್ತು, ಮೆಣಸಿನಕಾಯಿಯ ಕೆಂಪು ಕಣಗಳಲ್ಲಿ ಕೂತಿದೆ. ಕೆರೆದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ಸೂಕ್ಷ್ಮದರ್ಶಕ ಮುಟ್ಟಬೇಡಿ. ಖಾರ ಮಸೂರಕ್ಕೆ ತಾಗಿ ಮುಂದಿನವರ ಕಣ್ಣಿಗೆ ಹೋಗುತ್ತದೆ.

ಅಳತೆ ಮತ್ತು ಚಿತ್ರ

10ರ ಮಸೂರದ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಕಾಣುವ ವೃತ್ತದ ಅಗಲ ಎಷ್ಟು ಮಿ.ಮೀ. ನೋಡಿ. ಅದು 1.8 ಮಿ.ಮೀ. ಇದ್ದು, ಉದ್ದಕ್ಕೆ 6 ಕೋಶ ಹಿಡಿದರೆ ಒಂದು ಕೋಶ 0.3 ಮಿ.ಮೀ. ರೆಕಾರ್ಡ್ ಪುಸ್ತಕದಲ್ಲಿ ಮೂರ್ನಾಲ್ಕು ಕೋಶ ದೊಡ್ಡದಾಗಿ ಬರೆದು, ಪಕ್ಕದಲ್ಲಿ ವರ್ಧನೆ ಮತ್ತು ಹಾಕಿದ ಬಣ್ಣ ನಮೂದಿಸಿ. ಕೋಶದೊಳಗಿನ ಅತಿ ಸಣ್ಣ ಭಾಗಗಳಾದ ಮೈಟೊಕಾಂಡ್ರಿಯ, ರೈಬೋಸೋಮ್ ಆ ಚಿತ್ರದಲ್ಲಿ ಬರಬಾರದು. ಮೈಟೊಕಾಂಡ್ರಿಯಕ್ಕೆ ಬೇರೆ ವಿಶೇಷ ಬಣ್ಣ ಬೇಕು. ರೈಬೋಸೋಮ್ ಅಂತೂ ಸುಮಾರು 25 ನ್ಯಾನೋಮೀಟರ್, ಬೆಳಕಿನ ಸೂಕ್ಷ್ಮದರ್ಶಕಕ್ಕೆ 200 ನ್ಯಾನೋಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲು ಆಗದು. ಅವು ಬೇಕಾದರೆ ಎದುರಿನ ಪುಟದಲ್ಲಿ ಪುಸ್ತಕದ ಚಿತ್ರ ಬರೆದು, ‘ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿದದ್ದು’ ಎಂದು ಕೆಳಗೆ ಬರೆಯಿರಿ.